ಎಳೆದು ತಂದರೆ ಮುಗಿಯಿತೆ?

ನಡುಗಡಲಲ್ಲಿ ಎಂಜಿನ್ ಕೈಕೊಟ್ಟ ಸರಕು ಹಡಗನ್ನು ದಡಕ್ಕೆ ಎಳೆದು ತಂದಾಗಲೆಲ್ಲ ಶಹಬಾಸ್ ಅನ್ನುತ್ತೇವೆ. ಅನ್ನಬೇಕಾದದ್ದೇ. ಆದರೆ ಅಷ್ಟಕ್ಕೇ ಕಡತ ಮುಚ್ಚುವುದು ಅಕ್ಷಮ್ಯ. ಅಂಥ ಎಂಜಿನ್ ಹೊತ್ತ ಹಡಗು ಬಂದರು ಬಿಟ್ಟದ್ದು ಹೇಗೆ, ಬಿಟ್ಟವರು ಯಾರು?

ಮಂಗಳೂರಿನ ಹಳೇ ಬಂದರಿನಿಂದ ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಸರಕು ಹಡಗುಗಳು ನೀರಿನಲ್ಲಿ ಎಷ್ಟು ತಗ್ಗಿ ಕೂತಿರುತ್ತವೆಂದು ದಕ್ಕೆಯಲ್ಲಿ ನಿಂತು ನೋಡಿದವರಿಗೆ ಗೊತ್ತು. ಮರದ ಒಡಲು; ಹಲಗೆಗಳ ಸಂದಿನಲ್ಲಿ ನೀರು ಜಿನುಗುವುದು ಮಾಮೂಲು. ಪಂಪು ಅದನ್ನು ಹೊರಹಾಕುತ್ತಲೇ ಇರಬೇಕು. ಆ ಪಂಪು ಓಡುವುದೂ ಅದೇ ಎಂಜಿನ್ನಿನಿಂದಾದರೆ, ಎಂಜಿನ್ ನಿಂತ ಗಳಿಗೆಯಿಂದಲೇ ಒಳಗಿನ ನೀರು ಏರತೊಡಗುತ್ತದೆ. ಚುಕ್ಕಾಣಿಯೂ ಮಾತು ಕೇಳುವುದಿಲ್ಲ. ಹಡಗು ಅಲೆಗೆ ಮಗ್ಗುಲು ಕೊಟ್ಟು ಹೊರಳುತ್ತದೆ, ಸರಕು ಒಂದೇ ಬದಿಗೆ ಜರುಗುತ್ತದೆ. ಎಳೆದು ತರುವ ಟಗ್ ಬರುವ ತನಕ ಹಡಗು ಮುಳುಗದೆ ಕಾಯುತ್ತದೆಂಬ ಖಾತ್ರಿ ಏನು?

2025ರ ಮೇ 12ರಂದು ಕಟ್ಟಡ ಸಾಮಗ್ರಿ ಹೊತ್ತು ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ ಹೊರಟ ‘ಸಲಾಮತ್’ ಹಡಗು ಮೇ 14ರ ನಸುಕಿನಲ್ಲಿ ಮುಳುಗಿತು. ಕಾರಣ ಏನೇ ಇರಲಿ, ಎಳೆದು ತರಲು ಏನೂ ಉಳಿಯಲಿಲ್ಲ. ಪುಟ್ಟ ದೋಣಿಗೆ ಇಳಿದಿದ್ದ ಆರು ಮಂದಿ ಸುರತ್ಕಲ್‌ನಿಂದ ಸುಮಾರು 52 ನಾಟಿಕಲ್ ಮೈಲು ದೂರದಲ್ಲಿ ದಾರಿಹೋಕ ಹಡಗೊಂದರ ಕಣ್ಣಿಗೆ ಬಿದ್ದರು. ಕೋಸ್ಟ್ ಗಾರ್ಡ್‌ನ ‘ವಿಕ್ರಮ್’ ಬಂದು ಎತ್ತಿಕೊಂಡಿತು. ಅವರ ಆಯುಸ್ಸು ಗಟ್ಟಿಯಿತ್ತು, ಅಷ್ಟೆ.

ಎಳೆತವನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ಅಲೆಯ ಏರಿಳಿತಕ್ಕೆ ಹಗ್ಗ ಸಡಿಲಾಗಿ ಮತ್ತೆ ಬಿಗಿಯುವಾಗಿನ ಜಗ್ಗಿಗೆ ಎಂಥ ಹಗ್ಗವೂ ಕಡಿಯಬಹುದು. ಗುಜರಿಗೆಂದು ಕೊಲಂಬೊದಿಂದ ಅಲಂಗ್‌ಗೆ ಎಳೆದೊಯ್ಯುತ್ತಿದ್ದ ‘ವಿಸ್ಡಮ್’ ಹಡಗು 2011ರ ಜೂನ್‌ನಲ್ಲಿ ಹಗ್ಗ ಕಡಿದುಕೊಂಡು ಮುಂಬೈಯ ಜುಹೂ ಮರಳಿಗೆ ಬಂದು ಕೂತಿತ್ತು.

ನಮ್ಮ ನಿಲುವು ಖಚಿತ. ಎಳೆಸಿಕೊಂಡು ಬಂದ ಹಡಗು ಸರ್ವೆಯರ್ ಒಳಗಿಳಿದು ನೋಡಿ ಸಹಿ ಹಾಕದೆ ಮತ್ತೆ ಅಳಿವೆ ದಾಟಕೂಡದು. ಎಂಜಿನ್ನಿನ ಹಂಗಿಲ್ಲದ ಇನ್ನೊಂದು ಪಂಪು, ಕೆಲಸ ಮಾಡುವ ವೈರ್‌ಲೆಸ್ ಇಲ್ಲದ ಮಂಜಿಗೆ ಒಂದು ಮೂಟೆಯನ್ನೂ ಏರಿಸಬಾರದು. ಟಗ್ ಬಾಡಿಗೆ ಉಳಿಸಲು ನೋಡುವ ಮಾಲೀಕ ತಪ್ಪನ್ನು ಹಡಗು ನಡೆಸುವ ತಂಡೇಲನ ತಲೆಗೆ ಕಟ್ಟಿ ಜಾರಿಕೊಳ್ಳಲು ಬಿಡಬಾರದು. ಮಳೆಗಾಲ ಕಳೆದು ಹಡಗುಗಳು ಮತ್ತೆ ಹೊರಡುವ ಮೊದಲೇ ಬಂದರು ಅಧಿಕಾರಿಗಳು ಈ ಆದೇಶ ಹೊರಡಿಸಲಿ.