ಓನರ್ ಹತ್ರ ಹೇಳಿ ಅಂದ್ರೆ ಎಂತಾ ಅರ್ಥ?

ಹಬ್ಬುವಾಡದ ಅಪಾರ್ಟ್‌ಮೆಂಟಲ್ಲಿ ಬಾಡಿಗೆಗೆ ಇದ್ದವ್ರಿಗೆಲ್ಲ ಈ ಮಾತು ಗೊತ್ತಿದ್ದದ್ದೇ. ಎಂತಾ ಕೇಳಿದ್ರೂ ಕಮಿಟಿಯವ್ರದ್ದು ಒಂದೇ ಉತ್ತರ, "ನಿಮ್ಮ ಓನರ್ ಹತ್ರ ಹೇಳಿ." ಓನರ್ ಇರೂದು ಮುಂಬಯಿಲಿ! ಟೆರೇಸಿನ ನೀರು ಇಳಿದು ಬೆಡ್‌ರೂಮಿನ ಗೋಡೆಗೆ ಬೂಸಲು ಬಂದ್ರೆ ಅದರ ಫೋಟೊ ಮುಂಬಯಿಗೆ ಹೋಗಿ, ಅಲ್ಲಿಂದ ತಿರುಗಿ ಕಮಿಟಿಗೆ ಬರಬೇಕು. ಅಷ್ಟರಲ್ಲಿ ದೀಪಾವಳಿ. ಮೇಂಟೆನೆನ್ಸ್ ದುಡ್ಡಿಗೆ ಮಾತ್ರ ಒಂದನೇ ತಾರೀಕಿಗೆ ನಮ್ಮ ಬಾಗಿಲೇ ಬೇಕು. ಆಗ ಓನರ್ ನೆನಪಾಗೂದಿಲ್ಲ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಕಾಯ್ದೆಲಿ ಸಂಘ ಮಾಲಕರದ್ದು, ಸೈ. ನಮಗೆ ಓಟು ಬೇಡ ಮಾರಾಯ್ರೆ. ಆದ್ರೆ ಅದೇ ಕಾಯ್ದೆ ಮಾಡು, ಮೆಟ್ಟಿಲು, ಲಿಫ್ಟು, ನೀರಿನ ಟಾಕಿ, ಪಂಪು ಎಲ್ಲಾ ಸೇರಿ ಸಾಮಾನ್ಯ ಸೊತ್ತು ಅಂತದೆ. ಅಂದ್ಮೇಲೆ ಟೆರೇಸು ಸೋರಿದ್ರೆ ಅದು ನಮ್ಮ ಓನರ್ ಒಬ್ರ ಕೆಲಸ ಹೇಗಾಯ್ತು?

ಕೈಗಾಕ್ಕೆ, ಸೀಬರ್ಡಿಗೆ ಅಂತ ಬಂದವ್ರು, ನಾಳೆ ಹೋಗ್ತರು ಬಿಡು ಅನ್ನೂ ತಾತ್ಸಾರ ಇದು. ನಾವು ಹೋಗ್ತೇವು, ಹೌದು. ಸೋರೂ ಮಾಡು ಹೋಗ್ತದಾ? ಮತ್ತೊಬ್ಬಳು ಬಂದು ಅದೇ ಗೋಡೆ ಒರೆಸಬೇಕು.

ಜೂನ್ ಮಳೆ ಹಿಡಿಯೂಕೆ ಮೊದ್ಲು ಕಮಿಟಿಯವ್ರು ಒಂದ್ಸಲ ಟೆರೇಸು ಹತ್ತಲಿ. ನಮ್ಮ ದುಡ್ಡು ಎಲ್ಲಿ ಹೋಯ್ತು ಅಂತ ಲೆಕ್ಕದ ಚೀಟಿ ಲಿಫ್ಟಿನ ಬಾಗಿಲಿಗೆ ಅಂಟಿಸಲಿ. "ಚಪ್ಪಲಿ ಹೊರಗಿಡಬೇಡಿ" ಅಂತ ಅಂಟಿಸೂಕೆ ಜಾಗ ಸಿಕ್ಕಿತ್ತಲ್ಲ, ಅದರ ಪಕ್ಕಕ್ಕೇ.