ಕೋಡ್ ಬರೆಯುವ ತರುಣರೇ, ನಿಮ್ಮ ಎಡಿಟರ್‌ಗೆ ಕನ್ನಡ ಬರುತ್ತದೆಯೇ?

ಕನ್ನಡದ ತರುಣರೇ,

ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಲ್ಲಿ ನೋಡಿದರೂ ಪ್ರೋಗ್ರಾಮಿಂಗ್ ಕಲಿಯುವ ಹುಡುಗ ಹುಡುಗಿಯರು. ಬೆಳಿಗ್ಗೆ ಜಾವಾ, ಸಂಜೆ ಪೈಥಾನ್, ರಾತ್ರಿ ಜಾವಾಸ್ಕ್ರಿಪ್ಟ್! ಒಂದೊಂದಕ್ಕೂ ಒಂದೊಂದು ಎಡಿಟರ್ ಹಾಕಿಕೊಂಡು ತಲೆ ಕೆಡಿಸಿಕೊಂಡಿದ್ದೀರಿ. 'ಯಾವ ಎಡಿಟರ್ ಒಳ್ಳೆಯದು?' ಎಂದು ಸಿಕ್ಕವರನ್ನೆಲ್ಲ ಕೇಳುತ್ತೀರಿ. 'ಯಾವುದರಲ್ಲಿ ಕನ್ನಡ ನೆಟ್ಟಗಿದೆ?' ಎಂದು ಒಂದು ದಿನವಾದರೂ ಕೇಳಿದ್ದೀರಾ?

'ಅದರಲ್ಲಿ ಜಾವಾ ಬರಲ್ಲ, ಇದರಲ್ಲಿ ಪೈಥಾನ್ ಬರಲ್ಲ' ಎಂಬ ನೆಪ ಈಗ ನಡೆಯುವುದಿಲ್ಲ. 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಬಂತು. ತಪ್ಪು ಹಿಡಿಯುವ, ಸಾಲು ತುಂಬಿಸಿಕೊಡುವ ಕೆಲಸವನ್ನು ಆಯಾ ಭಾಷೆಯದೇ ಒಂದು ಪ್ರೋಗ್ರಾಮ್ ಮಾಡುತ್ತದೆ. ಎಡಿಟರ್ ಅದರ ಜೊತೆ ಮಾತಾಡಿದರೆ ಸಾಕು. ವಿಎಸ್ ಕೋಡ್, ನಿಯೋವಿಮ್, ಇಮ್ಯಾಕ್ಸ್, ಕೇಟ್ ಎಲ್ಲಕ್ಕೂ ಅದು ಗೊತ್ತು. ಹಾಗಾದರೆ ಆಯ್ಕೆ ನಿಮ್ಮದು. ಅಳತೆಗೋಲು ಕನ್ನಡವಾಗಲಿ!

ಪರೀಕ್ಷೆ ಸುಲಭ. ಫೈಲನ್ನು ಯುಟಿಎಫ್-8 ಎಂದು ಉಳಿಸಿ, 'ಬಸವೇಶ್ವರನಗರ' ಎಂದು ಬರೆಯಿರಿ. 'ಶ್ವ'ದ ಒತ್ತು ಕೆಳಗೆ ಕೂತಿತೇ? ಹುಡುಕಿದರೆ ಸಿಕ್ಕಿತೇ? ಮುಚ್ಚಿ ತೆರೆದರೆ ಹಾಗೆಯೇ ಇದೆಯೇ? ಟರ್ಮಿನಲ್ ಒಳಗೆ ಓಡುವ ಎಡಿಟರ್‌ಗಳಲ್ಲಿ ಹಲವು ಸಲ ಒತ್ತಕ್ಷರ ಒಡೆದುಹೋಗುತ್ತದೆ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ. ನಮ್ಮ ಲಿಪಿ ಆ ಚೌಕಕ್ಕೆ ಹೊಂದುವುದಿಲ್ಲ. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದೆ. ಇನ್ನೂ ನಮ್ಮ ಅಕ್ಷರ ಒಡೆಯುವುದೆಂದರೆ ಏನರ್ಥ?

ಇನ್ನು ಮೆನು. ವಿಎಸ್ ಕೋಡ್‌ಗೆ ಮೈಕ್ರೋಸಾಫ್ಟ್ ಕೊಡುವ ಭಾಷೆಗಳಲ್ಲಿ ಚೀನೀ ಇದೆ, ಜಪಾನೀ ಇದೆ, ಕೊರಿಯನ್ ಇದೆ. ಕನ್ನಡ ಇಲ್ಲ! ಬೆಂಗಳೂರಿನ ಸಾವಿರಾರು ಕೈಗಳು ದಿನವೂ ಅದರಲ್ಲೇ ದುಡಿಯುತ್ತವೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಕೇಳುವ ನಾವು ನಮ್ಮದೇ ಪರದೆಯ ಮೇಲೆ ಯಾಕೆ ಕೇಳುವುದಿಲ್ಲ?

ಆಗುವುದಿಲ್ಲ ಎನ್ನಬೇಡಿ. 2003ರಲ್ಲಿ ಬಂದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕನ್ನಡ ಮೆನು ಇದೆ. ಯಾವ ಸರ್ಕಾರದ ಆದೇಶವೂ ಅದನ್ನು ತರಲಿಲ್ಲ. ಆ ಎಡಿಟರ್ ಮುಕ್ತ ತಂತ್ರಾಂಶ. ಮನಸ್ಸಿದ್ದವರು ಕೂತು ಅನುವಾದದ ಫೈಲ್ ಬರೆದುಕೊಟ್ಟರು, ಅಷ್ಟೇ. ಅದು ವಿಂಡೋಸ್‌ಗೆ ಮಾತ್ರ ಎಂಬ ಕೊರತೆ ಇದೆ. ಆದರೆ ಅದು ಕಲಿಸುವ ಪಾಠ ಎಲ್ಲಕ್ಕೂ ಸಲ್ಲುತ್ತದೆ: ಬಾಗಿಲು ತೆರೆದಿರುವ ಎಡಿಟರ್ ಆರಿಸಿ, ಒಳಗೆ ಹೋಗಿ ಕನ್ನಡ ಕೂರಿಸಿ!

'ಕಂಪನಿಯಲ್ಲಿ ಇಂಗ್ಲಿಷೇ ತಾನೇ?' ಎನ್ನುತ್ತೀರಾ? ಕಂಪನಿಯ ಕೋಡು ಕಂಪನಿಯ ಭಾಷೆಯಲ್ಲಿರಲಿ. ನಿಮ್ಮ ಸ್ವಂತ ಪ್ರಾಜೆಕ್ಟಿಗೆ ಯಾರ ಅಪ್ಪಣೆ ಬೇಕು? 2008ರ ಪೈಥಾನ್ 3ರಿಂದ ವೇರಿಯಬಲ್ ಹೆಸರನ್ನೂ ಕನ್ನಡದಲ್ಲಿ ಇಡಬಹುದು. ಕಾಮೆಂಟ್‌ಗಂತೂ ತಡೆಯೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಿಮ್ಮ ತಮ್ಮ, ತಂಗಿ ಆ ಕಾಮೆಂಟ್ ಓದಿ 'ಓ, ಇಷ್ಟೇನಾ!' ಎಂದರೆ, ನೂರು ಭಾಷಣಕ್ಕಿಂತ ದೊಡ್ಡ ಕೆಲಸವಾಯಿತು.

ಇಂದು ರಾತ್ರಿಯೇ ಎಡಿಟರ್ ತೆರೆಯಿರಿ. ಮೊದಲ ಸಾಲು ಕನ್ನಡದಲ್ಲಿರಲಿ!

ಸಿರಿಗನ್ನಡಂ ಗೆಲ್ಗೆ!