ಬೀಗದ ಫೋಟೊ ಕಳಿಸಬೇಡ, ಗೆಳೆಯ

ನಾನು ಮೂರನೇ ಸೆಮಿಸ್ಟರ್‌ನಲ್ಲಿದ್ದಾಗಿನ ದೀಪಾವಳಿ. ದಾವಣಗೆರೆಯಿಂದ ತಿಪಟೂರಿಗೆ ರೈಲು ಹಿಡಿಯಬೇಕಿತ್ತು. ರೂಮಿನಿಂದ ಸ್ಟೇಷನ್‌ಗೆ ಆಟೊದಲ್ಲಿ ಹದಿನೈದು ನಿಮಿಷದ ದಾರಿ. ನಾನು ಒಂದೂವರೆ ಗಂಟೆ ಮೊದಲೇ ಹೊರಟಿದ್ದೆ. ಆದರೂ ರೈಲು ತಪ್ಪಿತು. ರೂಮಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ನೋಡಲು ಮೂರು ಸಲ ವಾಪಸ್ ಹೋಗಿದ್ದೆ. ಮೂರು ಸಲವೂ ಬೀಗ ಹಾಕಿಯೇ ಇತ್ತು. ನಾಲ್ಕನೇ ಸಲ ಹೋಗಬಾರದು ಎಂದು ಪ್ಲಾಟ್‌ಫಾರ್ಮ್‌ನ ಬೆಂಚಿನ ಮೇಲೆ ಕೂತು ಅತ್ತೆ. ಅಷ್ಟರಲ್ಲಿ ರೈಲು ಹೋಗಿಯಾಗಿತ್ತು.

ಮನೆಗೆ ಫೋನ್ ಮಾಡಿ ‘ರಶ್ ಇತ್ತು, ಹತ್ತೋಕಾಗ್ಲಿಲ್ಲ’ ಎಂದು ಸುಳ್ಳು ಹೇಳಿದೆ. ಅಮ್ಮ ಹೋಳಿಗೆ ಮಾಡಿಟ್ಟು ಕಾಯುತ್ತಿದ್ದಳು.

ನನಗಿದ್ದದ್ದು ಗೀಳು ಕಾಯಿಲೆ. ಇಂಗ್ಲಿಷಿನಲ್ಲಿ ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್, ಚುಟುಕಾಗಿ ಓಸಿಡಿ. ಈ ಹೆಸರು ನನಗೆ ಆಗಲೂ ಗೊತ್ತಿತ್ತು. ತರಗತಿಯಲ್ಲಿ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದೆ. ಪೆನ್ನುಗಳನ್ನು ಸಾಲಾಗಿ ಜೋಡಿಸುವವಳು ‘ನಂಗೆ ಸ್ವಲ್ಪ ಓಸಿಡಿ ಕಣೇ’ ಅನ್ನುತ್ತಿದ್ದಳು. ರೆಕಾರ್ಡ್ ಬುಕ್ಕಿನಲ್ಲಿ ಗೆರೆ ಸೊಟ್ಟಗಾದರೆ ಸಹಿಸದವನೂ ಅದನ್ನೇ ಹೇಳುತ್ತಿದ್ದ. ರೀಲ್ಸ್‌ನಲ್ಲೂ ಅದೇ ತಮಾಷೆ. ಹೀಗಾಗಿ ಓಸಿಡಿ ಎಂದರೆ ಅಚ್ಚುಕಟ್ಟುತನ ಎಂದೇ ನಾನೂ ನಂಬಿದ್ದೆ. ನನ್ನ ರೂಮೋ, ಒಗೆಯದ ಬಟ್ಟೆಗಳ ಗುಡ್ಡೆ. ಇಂಥವನಿಗೆಲ್ಲಿಯ ಓಸಿಡಿ?

ತಪ್ಪು ತಿಳಿವಳಿಕೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂದು ನನಗೆ ಅರ್ಥವಾದದ್ದು ಆಮೇಲೆ. ಅದನ್ನು ಹೇಳಲೆಂದೇ ಈ ಬರಹ.

ಕನ್ನಡದ ‘ಗೀಳು’ ಎಂಬ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಕ್ರಿಕೆಟ್ ಗೀಳು, ಸಿನಿಮಾ ಗೀಳು ಎನ್ನುತ್ತೇವೆ. ಅದರಲ್ಲಿ ಖುಷಿ ಇರುತ್ತದೆ. ಈ ಗೀಳಿನಲ್ಲಿ ಖುಷಿಯ ಲವಲೇಶವೂ ಇಲ್ಲ. ಬೇಡವೆಂದರೂ ಒಂದು ಯೋಚನೆ ತಲೆಗೆ ನುಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ತಳಮಳ ತಗ್ಗಿಸಲು ಏನನ್ನೋ ಮಾಡಲೇಬೇಕು ಅನಿಸುತ್ತದೆ: ಬೀಗ ಎಳೆದು ನೋಡುವುದು, ಕೈ ತೊಳೆಯುವುದು, ಎಣಿಸುವುದು, ಮನಸ್ಸಿನಲ್ಲೇ ಮಂತ್ರ ಹೇಳಿಕೊಳ್ಳುವುದು. ಮಾಡಿದರೆ ಐದು ನಿಮಿಷ ಸಮಾಧಾನ. ಮತ್ತೆ ಶುರು. ಇದೆಲ್ಲ ಅರ್ಥವಿಲ್ಲದ್ದು ಎಂದು ನನಗೇ ಗೊತ್ತಿತ್ತು. ಗೊತ್ತಿದ್ದೂ ಬಿಡಲಾಗುತ್ತಿರಲಿಲ್ಲ.

ರೂಮ್‌ಮೇಟ್‌ನ ಪ್ರೀತಿ

ನನ್ನ ರೂಮ್‌ಮೇಟ್ ರಾಣೆಬೆನ್ನೂರಿನವನು. ದೀಪಾವಳಿಯ ಕಥೆ ಕೇಳಿದ ಮೇಲೆ ಅವನೇ ಒಂದು ಉಪಾಯ ಹುಡುಕಿದ. ‘ಲೇ, ಇನ್ನುಮ್ಯಾಲೆ ಕೊನೆಗೆ ನಾನೇ ಬೀಗ ಹಾಕ್ತೀನಿ. ಫೋಟೊ ತಗದು ವಾಟ್ಸ್‌ಆ್ಯಪ್ ಮಾಡ್ತೀನಿ. ಅನುಮಾನ ಬಂದಾಗ ನೋಡ್ಕೊ’ ಅಂದ. ಮೊದಲ ವಾರ ಸ್ವರ್ಗ ಸಿಕ್ಕಂತಾಯಿತು. ಎರಡನೇ ವಾರ ‘ಇದು ಇವತ್ತಿನ ಫೋಟೊನೋ ನಿನ್ನೆದೋ’ ಎಂಬ ಅನುಮಾನ ಶುರುವಾಯಿತು. ಅವನು ಬೀಗದ ಪಕ್ಕ ಅಂದಿನ ಪೇಪರ್ ಹಿಡಿದು ಫೋಟೊ ತೆಗೆಯತೊಡಗಿದ. ಆಮೇಲೆ ಫೋಟೊ ಸಾಲದೆ ವಿಡಿಯೊ ಬೇಕಾಯಿತು. ತಿಂಗಳು ಕಳೆಯುವಷ್ಟರಲ್ಲಿ ಕ್ಲಾಸಿನ ಮಧ್ಯೆಯೂ ‘ಬೀಗ ಹಾಕಿದೀಯ ತಾನೆ?’ ಎಂದು ಅವನನ್ನು ಕೇಳುತ್ತಿದ್ದೆ. ಅವನು ಬೇಸರಿಸದೆ ‘ಹಾಕೀನಲೇ’ ಅನ್ನುತ್ತಿದ್ದ.

ಬೀಗಕ್ಕೇ ಇದು ನಿಂತಿದ್ದರೆ ಹೇಗೋ ಸಾಗುತ್ತಿತ್ತೇನೋ. ಪರೀಕ್ಷೆಗೂ ಬಂತು. ನಮ್ಮದು ಐದು ಮಾಡ್ಯೂಲ್, ಮೂರು ಗಂಟೆ, ನೂರು ಅಂಕದ ಪೇಪರ್. ಯುಎಸ್‌ಎನ್ ಸರಿಯಾಗಿ ಬರೆದಿದ್ದೇನೆಯೇ ಎಂದು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಬರೆದ ಪ್ರತಿ ಸಾಲನ್ನೂ ಮತ್ತೆ ಓದಬೇಕು. ನಡುವೆ ಒಂದು ಪದ ತಪ್ಪಿ ಓದಿದರೆ ಮೊದಲಿಂದ ಓದಬೇಕು. ಮೂರನೇ ಮಾಡ್ಯೂಲ್ ಮುಗಿಯುವುದರಲ್ಲಿ ಬೆಲ್ ಹೊಡೆಯಿತು. ಚೆನ್ನಾಗಿ ಗೊತ್ತಿದ್ದ ವಿಷಯದಲ್ಲೇ ಫೇಲಾದೆ. ಮೇಷ್ಟ್ರು ‘ಸ್ಪೀಡ್ ಕಮ್ಮಿ, ಪ್ರಾಕ್ಟೀಸ್ ಮಾಡು’ ಅಂದರು. ಅಮ್ಮ ದೃಷ್ಟಿ ತೆಗೆದಳು, ಗ್ರಾಮದೇವತೆಗೆ ಹರಕೆ ಹೊತ್ತಳು. ಅಪ್ಪ ‘ಮೊಬೈಲ್ ಕಮ್ಮಿ ಮಾಡು’ ಅಂದ. ಯಾರದೂ ತಪ್ಪಲ್ಲ. ನಾನು ಅವರಿಗೆ ಹೇಳಿದ್ದು ‘ಟೆನ್ಷನ್ ಆಗ್ತದೆ’ ಎಂಬ ಒಂದೇ ಮಾತು. ಟೆನ್ಷನ್ನಿಗೆ ಅವರವರಿಗೆ ತಿಳಿದ ಮದ್ದು ಕೊಟ್ಟರು.

ಫಲಿತಾಂಶ ಬಂದ ರಾತ್ರಿ ರೂಮ್‌ಮೇಟ್ ತನ್ನ ಮೊಬೈಲಿನಿಂದ 14416ಕ್ಕೆ ಕರೆ ಮಾಡಿ ನನ್ನ ಕೈಗಿಟ್ಟ. ಅದು ಟೆಲಿ-ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯವರು ಉಪದೇಶ ಮಾಡಲಿಲ್ಲ. ಒಂದಷ್ಟು ಪ್ರಶ್ನೆ ಕೇಳಿ, ‘ನೀವು ಒಮ್ಮೆ ಮನೋವೈದ್ಯರನ್ನು ಕಾಣಬೇಕು’ ಎಂದರು.

ಸ್ಕ್ಯಾನ್ ಇಲ್ಲ, ಪ್ರಶ್ನೆಗಳಿವೆ

ಎಲೆಕ್ಟ್ರಾನಿಕ್ಸ್ ಓದುವವನು ನಾನು. ಸರ್ಕ್ಯೂಟ್ ಕೆಟ್ಟರೆ ಮಲ್ಟಿಮೀಟರ್ ಹಿಡಿದು ಎಲ್ಲಿ ಕೆಟ್ಟಿದೆ ಎಂದು ನೋಡುತ್ತೇವೆ. ಹಾಗೆಯೇ ತಲೆಗೆ ಏನೋ ವೈರ್ ಹಚ್ಚಿ ರಿಪೋರ್ಟ್ ಕೊಡುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಓಸಿಡಿಯನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಡಾಕ್ಟರ್ ಮೇಡಂ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಯೇಲ್-ಬ್ರೌನ್ ಎಂಬ ಅಳತೆಪಟ್ಟಿ ಇದೆ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಯೋಚನೆಗಳಿಗೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ, ತಡೆಯಲು ಪ್ರಯತ್ನಿಸುತ್ತೀಯಾ, ತಡೆಯಲು ಆಗುತ್ತದಾ – ಹೀಗೆ. ನಾನು ಲೆಕ್ಕ ಹಾಕಿದೆ. ದಿನಕ್ಕೆ ಮೂರು ಗಂಟೆಗೂ ಹೆಚ್ಚು! ಇಂಥ ಯೋಚನೆ, ಕ್ರಿಯೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ, ಇಲ್ಲವೇ ಓದು-ಕೆಲಸ-ಸಂಬಂಧಗಳಿಗೆ ಅಡ್ಡಿ ಮಾಡುತ್ತಿದ್ದರೆ ಅದನ್ನು ಸ್ವಭಾವ ಎಂದು ಬಿಡುವ ಹಾಗಿಲ್ಲ, ಅದು ಕಾಯಿಲೆ ಎಂದರು. ಪೆನ್ನು ಜೋಡಿಸುವುದಕ್ಕೂ ಓಸಿಡಿಗೂ ಇರುವ ಅಂತರ ಇದೇ.

ಕೊನೆಗೆ ಅವರು ಮೆಲ್ಲಗೆ ಕೇಳಿದರು: ‘ಹೇಳೋಕೆ ನಾಚಿಕೆಯಾಗುವಂಥ ಯೋಚನೆ ಏನಾದ್ರೂ ಬರುತ್ತಾ?’ ನಾನು ನೆಲ ನೋಡಿದೆ. ಬರುತ್ತಿತ್ತು. ಗುಡಿಯಲ್ಲಿ ಕೈ ಮುಗಿದು ನಿಂತಾಗ ದೇವರನ್ನು ಕೆಟ್ಟದಾಗಿ ಬೈಯುವ ಮಾತು ತಲೆಯೊಳಗೆ ಬರುತ್ತಿತ್ತು. ಸ್ಟೇಷನ್‌ನಲ್ಲಿ ಪಕ್ಕದಲ್ಲಿ ನಿಂತವರನ್ನು ಹಳಿ ಮೇಲೆ ತಳ್ಳಿಬಿಟ್ಟರೆ ಎಂದು ಬೆವರುತ್ತಿದ್ದೆ. ಒಳಗೊಳಗೆ ನಾನು ರಾಕ್ಷಸ ಎಂದುಕೊಂಡಿದ್ದೆ. ಅವರು ಬೆಚ್ಚಿಬೀಳಲಿಲ್ಲ. ಇಂಥ ಯೋಚನೆ ಕಾಯಿಲೆ ಇಲ್ಲದವರ ತಲೆಗೂ ಬಂದು ಹೋಗುತ್ತದೆ ಎಂದರು. ಆಮೇಲೆ ನಾನು ಓದಿ ತಿಳಿದೆ. ರಾಚ್‌ಮನ್ ಮತ್ತು ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ಇದನ್ನು ಅಧ್ಯಯನ ಮಾಡಿ ತೋರಿಸಿದ್ದಾರೆ. ಉಳಿದವರು ‘ಥೂ, ಏನಿದು’ ಎಂದು ಮುಂದೆ ಹೋಗುತ್ತಾರೆ. ಓಸಿಡಿ ಇರುವವನು ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಆ ಯೋಚನೆಗೆ ಅಷ್ಟು ಹೆದರುತ್ತಾನೆಂದರೆ ಅದು ಅವನ ಆಸೆಯಲ್ಲ ಎಂದೇ ಅರ್ಥ. ಅವತ್ತು ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿದಂತಾಯಿತು.

ಅಪ್ಪನ ತೆಂಗಿನ ಲೆಕ್ಕ

ಮುಂದಿನ ಭೇಟಿಗೆ ಅಪ್ಪ ಬಂದ. ‘ಹುಚ್ಚಿನ ಡಾಕ್ಟ್ರ ಹತ್ರ ಯಾಕ್ಲಾ’ ಎಂದು ದಾರಿಯುದ್ದಕ್ಕೂ ಗೊಣಗಿದ. ಡಾಕ್ಟರ್ ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿದ. ಹೊರಗೆ ಬಂದು ಟೀ ಕುಡಿಯುತ್ತಾ ಅಂದ: ‘ರಸ ಸೋರೋ ರೋಗಕ್ಕೂ ಕಪ್ಪು ತಲೆ ಹುಳಕ್ಕೂ ಒಂದೇ ಔಷ್ದಿ ಹೊಡುದ್ರೆ ಮರ ಉಳೀತದಾ? ಏನ್ ರೋಗ ಅಂತ ಮೊದ್ಲು ಗೊತ್ತಾಗ್ಬೇಕು ಕಣ್ಲಾ.’ ತೆಂಗು ಬೆಳೆದವನಿಗೆ ಹೊಳೆದ ಈ ಮಾತು ಓದಿದ ನಮಗೆ ಯಾಕೆ ಹೊಳೆಯಲಿಲ್ಲ? ಮನಸ್ಸಿನ ಸಂಕಟ ಏನೇ ಇರಲಿ, ‘ಟೆನ್ಷನ್’ ಅಥವಾ ‘ಡಿಪ್ರೆಶನ್’ ಎಂಬ ಎರಡೇ ಡಬ್ಬಿಗೆ ತುಂಬುತ್ತೇವೆ. ಎಲ್ಲಕ್ಕೂ ‘ಯೋಗ ಮಾಡು, ಪಾಸಿಟಿವ್ ಆಗಿರು’ ಎಂಬ ಒಂದೇ ಔಷಧಿ ಹೊಡೆಯುತ್ತೇವೆ.

ನನಗೆ ಕೊಟ್ಟ ಚಿಕಿತ್ಸೆಯಲ್ಲಿ ಎರಡು ಭಾಗವಿತ್ತು. ಒಂದು, ಮಾತ್ರೆ. ಖಿನ್ನತೆಗೂ ಇದೇ ಜಾತಿಯ ಮಾತ್ರೆ ಕೊಡುತ್ತಾರೆ. ಆದರೆ ಓಸಿಡಿಗೆ ಪ್ರಮಾಣ ಸಾಮಾನ್ಯವಾಗಿ ಹೆಚ್ಚು ಬೇಕು, ಪರಿಣಾಮ ಪೂರ್ತಿ ಕಾಣಲು 12 ವಾರದವರೆಗೂ ಹಿಡಿಯಬಹುದು. ಮೊದಲ ಎರಡು ವಾರ ವಾಕರಿಕೆ ಬಿಟ್ಟು ಬೇರೇನೂ ಕಾಣಲಿಲ್ಲ. ಮೊದಲೇ ತಿಳಿಸಿರದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಇವು ಮತ್ತು ಬರಿಸುವ ಮಾತ್ರೆಗಳಲ್ಲ. ಆದರೆ ನಮ್ಮಿಷ್ಟಕ್ಕೆ ತಟ್ಟನೆ ನಿಲ್ಲಿಸಬಾರದು.

ಇನ್ನೊಂದು, ಎದುರಿಸುವ ಚಿಕಿತ್ಸೆ. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬವರು 1966ರಲ್ಲಿ ಇದರ ಬಗ್ಗೆ ಮೊದಲು ವರದಿ ಮಾಡಿದ್ದರಂತೆ. ಕೇಳಲು ಸರಳ, ಮಾಡಲು ಕಷ್ಟ. ಭಯ ಹುಟ್ಟಿಸುವ ಕೆಲಸವನ್ನು ಬೇಕೆಂದೇ ಮಾಡಬೇಕು, ಆಮೇಲೆ ಸಮಾಧಾನಕ್ಕಾಗಿ ಮಾಡುವ ಕ್ರಿಯೆಯನ್ನು ಮಾಡಬಾರದು. ನನ್ನ ಭಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲಿನ ಹಾಗೆ ಬರೆಸಿದರು. ಮೊದಲ ಮೆಟ್ಟಿಲು: ಬೀಗ ಒಂದೇ ಸಲ ಹಾಕಿ, ಎಳೆದು ನೋಡದೆ ರಸ್ತೆ ತುದಿಯವರೆಗೆ ಹೋಗುವುದು.

ಮನಶ್ಶಾಸ್ತ್ರಜ್ಞರು ರೂಮ್‌ಮೇಟ್‌ನನ್ನೂ ಕರೆಸಿದರು. ಅವನ ಮೊಬೈಲ್ ನೋಡಿ ನಕ್ಕು, ‘ನೀವು ಒಳ್ಳೆ ಗೆಳೆಯ. ಆದ್ರೆ ಇನ್ನು ಮೇಲೆ ಫೋಟೊ ಕಳಿಸಬೇಡಿ’ ಅಂದರು. ಅವನ ಮುಖ ಚಿಕ್ಕದಾಯಿತು. ಪ್ರತಿ ಫೋಟೊವೂ ನನ್ನ ಕಾಯಿಲೆಗೆ ಹಾಕಿದ ತುತ್ತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಸಮಾಧಾನ ಸಿಕ್ಕಷ್ಟೂ ಮಿದುಳು ‘ನೋಡಿದ್ದಕ್ಕೇ ಬಚಾವಾದೆ’ ಎಂದು ಕಲಿಯುತ್ತದೆ. ಮುಂದಿನ ಸಲ ಇನ್ನೂ ಹೆಚ್ಚು ಕೇಳುತ್ತದೆ.

ಮೊದಲ ಭಾನುವಾರ ರೂಮಿನಿಂದ ನೂರು ಹೆಜ್ಜೆ ಹೋಗಿರಲಿಲ್ಲ, ‘ಬೀಗ ಹಾಕಿತ್ತಾ?’ ಎಂದೆ. ಅವನು ಆಕಾಶ ನೋಡುತ್ತಾ ‘ಗೊತ್ತಿಲ್ಲಲೇ’ ಅಂದ. ಸಿಟ್ಟು ಬಂತು, ಕೈ ನಡುಗಿತು. ಅಂಗಡಿ ಮುಂದೆ ನಿಂತು ಮಿರ್ಚಿ ಮಂಡಕ್ಕಿ ಕೊಡಿಸಿದ. ನಲವತ್ತು ನಿಮಿಷವಾಗಿತ್ತು. ಕೆಪಾಸಿಟರ್ ಡಿಸ್ಚಾರ್ಜ್ ಆಗುವ ಹಾಗೆ ತಳಮಳ ತಾನಾಗಿಯೇ ಇಳಿಯಿತು. ಏನೂ ಮಾಡದೆಯೂ ಅದು ಇಳಿಯುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ನಾವೇನು ಮಾಡಬಹುದು?

ಗೆಳೆಯರು ಪ್ರೀತಿಯಿಂದ ನೋಡಿಕೊಂಡರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಗೆಳೆಯನಿಗಿಂತ ಹೆಚ್ಚು ಪ್ರೀತಿ ತೋರುವವರು ಸಿಗಲಾರರು. ಅದರಿಂದ ನನ್ನ ಕಾಯಿಲೆ ಹೆಚ್ಚೇ ಆಯಿತು. ಕೊನೆಗೆ ನನ್ನನ್ನು ಉಳಿಸಿದ್ದೂ ಅವನೇ, ಆ ರಾತ್ರಿ ಫೋನ್ ಕೈಗಿಟ್ಟು. ಗೆಳೆಯನ ಕೆಲಸ ಚಿಕಿತ್ಸೆ ಕೊಡುವುದಲ್ಲ. ಚಿಕಿತ್ಸೆ ಸಿಗುವ ಬಾಗಿಲವರೆಗೆ ಕರೆದೊಯ್ಯುವುದು, ಆಮೇಲೆ ಅಲ್ಲಿ ಹೇಳಿದಂತೆ ಜೊತೆಗಿರುವುದು.

ಆ ಬಾಗಿಲು ದೂರವೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. ಬಾಗಿಲಿದ್ದರೂ ಒಳಗೆ ಹೋಗುವವರು ಕಡಿಮೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅರವತ್ತು ಮಂದಿಯ ತರಗತಿಯಲ್ಲಿ ನಾನೊಬ್ಬನೇ ಇರಲಾರೆ.

‘ಪ್ಲೇಸ್‌ಮೆಂಟ್‌ಗೆ ತೊಂದರೆಯಾಗಲ್ವಾ?’ ಎಂದು ಹಲವರು ಗುಟ್ಟಾಗಿ ಕೇಳಿದ್ದಾರೆ. ಅದೇ ಭಯ ನನಗೂ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಓದಿದ ಮೇಲೆ ಸ್ವಲ್ಪ ಧೈರ್ಯ ಬಂತು. ಚಿಕಿತ್ಸೆಯ ವಿವರ ಗುಟ್ಟಾಗಿರುವುದು ರೋಗಿಯ ಹಕ್ಕು ಎನ್ನುತ್ತದೆ ಅದು. ಹಿಂದೆಂದೋ ಚಿಕಿತ್ಸೆ ಪಡೆದಿದ್ದರು ಎಂಬ ಒಂದೇ ಕಾರಣಕ್ಕೆ ಈಗಲೂ ಕಾಯಿಲೆ ಇದೆ ಎನ್ನುವಂತಿಲ್ಲ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದೂ ಹೇಳುತ್ತದೆ. ಕಾನೂನಿದ್ದ ಮಾತ್ರಕ್ಕೆ ಜನ ಬದಲಾಗುವುದಿಲ್ಲ, ನಿಜ. ಆದರೆ ಚಿಕಿತ್ಸೆ ಪಡೆಯದೆ ಮೂರು ಮಾಡ್ಯೂಲಿಗೇ ಬೆಲ್ ಹೊಡೆಸಿಕೊಂಡರೆ ಪ್ಲೇಸ್‌ಮೆಂಟ್ ಎಲ್ಲಿಂದ ಬರಬೇಕು?

ನಮ್ಮಿಂದ ಆಗುವ ಕೆಲಸ ಸಣ್ಣದು. ಕಾಯಿಲೆಗಳ ಹೆಸರನ್ನು ತಮಾಷೆಗೆ ಬಳಸುವುದು ಬಿಡೋಣ. ‘ನಂಗೆ ಓಸಿಡಿ’ ಎಂದು ನಗುವ ಹತ್ತು ಮಂದಿಯ ನಡುವೆ ಅದು ನಿಜವಾಗಿಯೂ ಇರುವವನು ತನ್ನ ಕಾಯಿಲೆಯ ಗುರುತು ಹಿಡಿಯಲಾರ. ಯಾರಾದರೂ ‘ಟೆನ್ಷನ್’ ಅಂದರೆ ಸಲಹೆ ಕೊಡುವ ಮೊದಲು ‘ಏನಾಗ್ತಿದೆ? ದಿನಕ್ಕೆ ಎಷ್ಟು ಹೊತ್ತು?’ ಎಂದು ಕೇಳೋಣ. ಕಾಲೇಜುಗಳು ಮೊದಲ ಸೆಮಿಸ್ಟರ್‌ನ ಓರಿಯೆಂಟೇಷನ್‌ನಲ್ಲಿ ರ‍್ಯಾಗಿಂಗ್ ಬಗ್ಗೆ ಹೇಳುವಂತೆ ಈ ಬಗ್ಗೆಯೂ ಒಂದು ಗಂಟೆ ಹೇಳಲಿ.

ಈಗ ನಾನು ಆರನೇ ಸೆಮಿಸ್ಟರ್. ಬ್ಯಾಕ್‌ಲಾಗ್ ಕ್ಲಿಯರ್ ಆಗಿದೆ. ಮಾತ್ರೆ ಇನ್ನೂ ನಡೆಯುತ್ತಿದೆ. ಪೂರ್ತಿ ವಾಸಿಯಾಗಿದೆ ಎಂದು ಹೇಳಲಾರೆ, ಹೋದ ತಿಂಗಳು ಒಂದು ದಿನ ಬೀಗ ನೋಡಲು ವಾಪಸ್ ಹೋದೆ. ಆದರೆ ಒಂದೇ ಸಲ. ಕಳೆದ ದೀಪಾವಳಿಗೆ ಅದೇ ಸ್ಟೇಷನ್‌ನಿಂದ ಅದೇ ರೈಲು ಹತ್ತಿದೆ. ಬೀರೂರು ದಾಟುವಾಗ ಅನುಮಾನ ಬಂತು. ರೂಮ್‌ಮೇಟ್‌ಗೆ ಮೆಸೇಜ್ ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಕಿಟಕಿಯಾಚೆ ನೋಡುತ್ತಾ ಕೂತೆ. ಅರಸೀಕೆರೆ ಬರುವಷ್ಟರಲ್ಲಿ ಹಸಿವಾಗುತ್ತಿತ್ತು. ಮನೆಯಲ್ಲಿ ಹೋಳಿಗೆ ಇನ್ನೂ ಬಿಸಿಯಿತ್ತು.